ಹಳೆಯ ಮನೆಯೂ ಒಂದು ಆಕರ: ಜೇವರ್ಗಿ ಸೀಮೆಯ ಗೃಹವಸ್ತುಗಳನ್ನು ಕುರಿತು

ಕಲಬುರಗಿ ಜಿಲ್ಲೆಯ ಚರಿತ್ರೆಯನ್ನು ರಚಿಸಿದ ವಿದ್ವಾಂಸರು ಸಾಮಾನ್ಯವಾಗಿ ಮೂರು ಬಗೆಯ ಆಕರಗಳನ್ನು ಆಶ್ರಯಿಸಿದ್ದಾರೆ. ಮೊದಲನೆಯದು ಶಾಸನ, ಎರಡನೆಯದು ಬಸದಿ-ದೇವಾಲಯ, ಮೂರನೆಯದು ಕೋಟೆ-ಮಸೀದಿ. ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಬಹಮನಿ ಸುಲ್ತಾನರು, ಹೈದರಾಬಾದಿನ ನಿಜಾಮರು ಎಲ್ಲರೂ ಈ ಮೂರರಲ್ಲಿ ಒಂದಿಲ್ಲೊಂದು ಕಡೆ ತಮ್ಮ ಗುರುತನ್ನು ಬಿಟ್ಟು ಹೋಗಿದ್ದಾರೆ. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು ಬರೆದು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಇಂಗ್ಲಿಷ್ ಗ್ರಂಥವು ಈ ಸೀಮೆಯ ಜೈನ ಶಾಸನಗಳನ್ನು ವಿದ್ವತ್ ಲೋಕದ ಮುಂದಿಟ್ಟಿತು. ಮಳಖೇಡ, ಸೇಡಂ, ಅಡಕಿ, ಹುಣಸಿ ಹಡಗಲಿಗಳ ಹೆಸರು ಇಂದು ಸಂಶೋಧಕರಿಗೆ ಪರಿಚಿತವಾಗಿರುವುದರಲ್ಲಿ ಆ ಗ್ರಂಥದ ಪಾಲು ದೊಡ್ಡದು.

ಆದರೆ ಜನರು ಹುಟ್ಟಿ, ಬಾಳಿ, ಲೆಕ್ಕ ಬರೆದು, ನೀರು ಸೋಸಿ, ಕಾಳು ಕೂಡಿಟ್ಟ ಮನೆ ಈ ಆಕರಗಳ ಸಾಲಿನಲ್ಲಿ ಇಲ್ಲ. ಇದಕ್ಕೆ ಕಾರಣವುಂಟು. ಬಸದಿಯನ್ನು ಕಲ್ಲಿನಲ್ಲಿ ಕಟ್ಟಿದರು, ಮನೆಯನ್ನು ಕಲ್ಲು-ಮಣ್ಣು-ಮರಗಳಲ್ಲಿ ಕಟ್ಟಿದರು. ಬಸದಿಗೆ ದತ್ತಿ ಬಿಟ್ಟವರು ಶಾಸನ ಬರೆಯಿಸಿದರು, ಮನೆ ಕಟ್ಟಿದವರು ಯಾವ ಶಾಸನವನ್ನೂ ಹಾಕಿಸಲಿಲ್ಲ. ಹೀಗಾಗಿ ಹಳೆಯ ಮನೆಯೊಂದು ಬಿದ್ದಾಗ ಅಲ್ಲಿನ ವಿಚಿತ್ರ ವಸ್ತುಗಳು ಒಂದೋ ಗುಜರಿಗೆ ಹೋಗುತ್ತವೆ, ಇಲ್ಲವೇ ನಗರದ ಹೋಟೆಲೊಂದರ ಗೋಡೆಗೆ ಅಲಂಕಾರವಾಗುತ್ತವೆ. ಎರಡೂ ಸಂದರ್ಭಗಳಲ್ಲಿ ಆ ವಸ್ತು ಮಾತನಾಡುವುದನ್ನು ನಿಲ್ಲಿಸುತ್ತದೆ. ಹಳೆಯ ಮನೆಯ ವಸ್ತುವಿನ ಅರ್ಥದಲ್ಲಿ ಅರ್ಧಭಾಗ ಅದು ಇದ್ದ ಸ್ಥಾನದಲ್ಲಿದೆ ಎಂಬುದನ್ನು ಜೇವರ್ಗಿಯ ಒಂದು ಮನೆಯ ಉದಾಹರಣೆಯಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾವ್ಯಕ್ಕೆ ಆಶ್ರಯವಾದ ಮನೆಗಳು

ಮನೆಯನ್ನು ಸಾಹಿತ್ಯಚರಿತ್ರೆಯ ಆಕರವೆಂದು ಕರೆಯುವುದು ಉತ್ಪ್ರೇಕ್ಷೆಯೆಂದು ಕೆಲವರಿಗೆ ತೋರಬಹುದು. ಅವರಿಗಾಗಿ ಇದೇ ಜಿಲ್ಲೆಯ ಒಂದು ಸಂಗತಿಯನ್ನು ನೆನಪಿಸುತ್ತೇನೆ.

ಭೀಮೆಯ ಉಪನದಿಯಾದ ಕಾಗಿಣಾ ತೀರದ ಮಾನ್ಯಖೇಟ, ಇಂದಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕನ್ನಡದ ಕವಿರಾಜಮಾರ್ಗವೂ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ರಚಿತವಾದವು ಎಂಬುದು ಸರ್ವವಿದಿತ. ಅನಂತರ ಸುಮಾರು ಒಂದು ಶತಮಾನ ಕಳೆದು, ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಪುಷ್ಪದಂತನೆಂಬ ಕವಿ ಅಲೆಯುತ್ತ ಈ ನಗರಕ್ಕೆ ಬಂದನು. ಷಟ್ಖಂಡಾಗಮವನ್ನು ರಚಿಸಿದ ಪುಷ್ಪದಂತಾಚಾರ್ಯರು ಬೇರೆ, ಈ ಅಪಭ್ರಂಶ ಕವಿ ಬೇರೆ. ವಿದ್ಯಾರ್ಥಿಗಳು ಇವರಿಬ್ಬರನ್ನು ಒಂದಾಗಿಸಬಾರದು. ಈ ಕವಿಗೆ ಆಶ್ರಯ ದೊರೆತದ್ದು ಮಂತ್ರಿ ಭರತನ ಮನೆಯಲ್ಲಿ. ಭರತನ ಒತ್ತಾಯಕ್ಕೆ ಮಣಿದು 959ರಲ್ಲಿ ಆರಂಭಿಸಿದ ಮಹಾಪುರಾಣವನ್ನು ಅವನು 965ರಲ್ಲಿ ಮುಗಿಸಿದನು. 102 ಸಂಧಿಗಳ ಈ ಕಾವ್ಯ ಅಪಭ್ರಂಶ ಸಾಹಿತ್ಯದ ಶಿಖರಗಳಲ್ಲಿ ಒಂದು. ಆ ಬಳಿಕ ಭರತನ ಮಗ ನನ್ನನ ಮನೆಯಲ್ಲಿದ್ದು ಣಾಯಕುಮಾರಚರಿಉ, ಜಸಹರಚರಿಉಗಳನ್ನು ಬರೆದನು.

972ರಲ್ಲಿ ಮಾಳವದ ಪರಮಾರ ಸೀಯಕನ ಸೈನ್ಯ ಮಾನ್ಯಖೇಟವನ್ನು ಸೂರೆಗೈದಿತು. ಭರತನ ಮನೆಯ ಒಂದು ಕಂಬವೂ ನಮಗೆ ಉಳಿದಿಲ್ಲ. ಕಾವ್ಯ ಮಾತ್ರ ಉಳಿಯಿತು. ಬೇರೆ ಬೇರೆ ಊರುಗಳ ಭಂಡಾರಗಳಲ್ಲಿ, ಬಸದಿಗಳಲ್ಲಿ, ಶ್ರಾವಕರ ಮನೆಗಳಲ್ಲಿ ಪ್ರತಿಯಿಂದ ಪ್ರತಿಗೆ ಹರಿದು ಬಂದು, ಪಿ.ಎಲ್. ವೈದ್ಯರ ಸಂಪಾದನೆಯಲ್ಲಿ 1937ರಿಂದ 1941ರ ಅವಧಿಯಲ್ಲಿ ಅಚ್ಚಾಯಿತು. ಕಾವ್ಯ ಹುಟ್ಟಿದ್ದು ಮನೆಯಲ್ಲಿ, ಅದನ್ನು ಕಾಪಾಡಿದವುಗಳಲ್ಲಿಯೂ ಮನೆಗಳಿವೆ.

ಇಂಥದೇ ಮಾತನ್ನು ವಚನಗಳ ಬಗೆಗೂ ಹೇಳಬಹುದು. ಫ.ಗು. ಹಳಕಟ್ಟಿಯವರು ಜೇವರ್ಗಿಗೆ ನೆರೆಯ ಜಿಲ್ಲೆಯಾದ ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಮನೆ-ಮಠಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತೆಗೆಯದಿದ್ದರೆ 1923ರ ವಚನಶಾಸ್ತ್ರಸಾರ ಹೊರಬರುತ್ತಿರಲಿಲ್ಲ. ಅಟ್ಟದ ಮೇಲೆ, ದೇವರ ಜಗಲಿಯ ಹಿಂದೆ, ಕಾಳಿನ ವಾಡೆಯ ಮಗ್ಗುಲಲ್ಲಿ ಬಿದ್ದಿದ್ದ ಕಟ್ಟುಗಳೇ ಒಂದು ಸಾಹಿತ್ಯಪ್ರಕಾರಕ್ಕೆ ಮರುಜೀವ ಕೊಟ್ಟವು.

ಜೇವರ್ಗಿಯ ಒಂದು ಮನೆ

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟು ಕಟ್ಟಿಸಂಗಾವಿಯ ಬಳಿ ಭೀಮಾ ನದಿಯ ಸೇತುವೆ ದಾಟಿದರೆ ಜೇವರ್ಗಿ ಹತ್ತಿರ. ಊರಿನ ಹಳೆಯ ಓಣಿಯೊಂದರಲ್ಲಿದ್ದ ಜೈನ ಮನೆತನದ ಮನೆಯನ್ನು ಕೆಲವು ವರ್ಷಗಳ ಹಿಂದೆ ನೋಡುವ ಅವಕಾಶ ನನಗೆ ದೊರೆಯಿತು. ಅಣ್ಣತಮ್ಮಂದಿರಲ್ಲಿ ಪಾಲಾಗಿ, ಮನೆಯನ್ನು ಕೆಡವಿ ಎರಡು ಕಾಂಕ್ರೀಟು ಮನೆ ಕಟ್ಟಿಸುವ ನಿರ್ಧಾರ ಆಗಿತ್ತು. ಮಾಡಿನಲ್ಲಿ ಹಳೆಯ ಪುಸ್ತಕಗಳಿವೆ, ಬಂದು ನೋಡಿರಿ ಎಂದು ಆ ಮನೆಯ ಹಿರಿಯ ತಾಯಿ ಹೇಳಿ ಕಳುಹಿಸಿದ್ದರು. ಅವರ ಮನೆತನದ ಹೆಸರು ಇಲ್ಲಿ ಅನಗತ್ಯ. ನಾನು ಹೋದದ್ದು ಪುಸ್ತಕಗಳಿಗಾಗಿ. ಮರಳುವಾಗ ಪುಸ್ತಕಗಳಿಗಿಂತ ಹೆಚ್ಚನ್ನು ಮನೆಯಿಂದ ಓದಿದ್ದೆ.

ಬಾಗಿಲಿನಿಂದಲೇ ಆರಂಭಿಸಬಹುದು. ತಲೆಬಾಗಿಲು ಗಿಡ್ಡ. ಒಳಹೋಗುವವರು ತಲೆ ಬಾಗಿಸಬೇಕಾದುದರಿಂದ ಅದಕ್ಕೆ ತಲೆಬಾಗಿಲು ಎಂಬ ಹೆಸರು ಬಂದಿತೆಂದು ಮನೆಯ ಹುಡುಗನೊಬ್ಬ ವಿವರಿಸಿದನು. ಈ ವಿವರಣೆ ನಾಡಿನಲ್ಲೆಲ್ಲ ಪ್ರಚಲಿತವಿದೆ, ಕೇಳಲು ಸೊಗಸಾಗಿಯೂ ಇದೆ, ಆದರೆ ಸರಿಯಲ್ಲ. ಇಲ್ಲಿ ‘ತಲೆ’ ಎಂದರೆ ಮೊದಲು, ಮುಂಭಾಗ. ‘ತಲಕಾವೇರಿ’ಯಲ್ಲಿ ಇರುವುದೂ ಅದೇ ಅರ್ಥ. ತಲೆಬಾಗಿಲು ಎಂದರೆ ಮುಂಬಾಗಿಲು, ಅದು ಎತ್ತರವಾಗಿದ್ದರೂ ತಲೆಬಾಗಿಲೇ. ಬಾಗಿಲು ಗಿಡ್ಡವಾಗಿದ್ದುದಕ್ಕೆ ಕಾರಣ ಬೇರೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ದಪ್ಪ ಗೋಡೆ, ಸಣ್ಣ ಬಾಗಿಲು, ಅದಕ್ಕೂ ಸಣ್ಣ ಕಿಟಕಿ ಇವು ಬಿಸಿಲಿನ ವಿರುದ್ಧ ಹೂಡಿದ ಉಪಾಯಗಳು. ಕಳ್ಳಕಾಕರ ಭಯವೂ ಅದಕ್ಕೆ ಸೇರಿತ್ತು.

ಗೋಡೆಯ ಕಲ್ಲು, ನೆಲದ ಫರಸಿ ಎರಡೂ ಶಹಾಬಾದಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪರಿಸರದಲ್ಲಿ ದೊರೆಯುವ ಈ ಸುಣ್ಣಕಲ್ಲು ಪದರು ಪದರಾಗಿ ಬಿಡುತ್ತದೆ. ಹೆಚ್ಚು ಕೆತ್ತದೆಯೇ ಸಮತಲದ ಹಲಗೆಗಳು ಸಿಗುವುದರಿಂದ ನೆಲ, ಮೆಟ್ಟಿಲು, ಮಾಡಿನ ತಳ, ಒಲೆಯ ಕಟ್ಟೆ ಎಲ್ಲಕ್ಕೂ ಅದೇ ಕಲ್ಲು. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು ಭೀಮೆಯ ಹೆಸರಿನಿಂದಲೇ ಕರೆಯುತ್ತಾರೆ.

ಒಳಗೆ ಪಡಸಾಲೆ. ಎಷ್ಟು ದೊಡ್ಡ ಮನೆ ಎಂದು ಕೇಳಿದಾಗ ಆ ತಾಯಿ ಅಡಿ-ಗಜಗಳಲ್ಲಿ ಉತ್ತರಿಸದೆ ‘ಒಂಬತ್ತಂಕಣದ್ದು’ ಎಂದರು. ಎರಡು ಕಂಬಸಾಲುಗಳ ಅಥವಾ ಎರಡು ತೊಲೆಗಳ ನಡುವಿನ ಅವಕಾಶವೇ ಅಂಕಣ. ಮರದ ತೊಲೆ ಎಷ್ಟು ಉದ್ದ ಸಿಗುತ್ತದೆಯೋ ಅಂಕಣ ಅಷ್ಟು ಅಗಲ. ಹೀಗಾಗಿ ಈ ಅಳತೆ ಮನುಷ್ಯನ ಕೈಯಿಂದಲ್ಲ, ಮರದ ಬೆಳವಣಿಗೆಯಿಂದ ಬಂದದ್ದು. ಇಂದಿನ ಓದುಗರಿಗೆ ಅಂಕಣವೆಂದರೆ ಪತ್ರಿಕೆಯ ಅಂಕಣ. ಪತ್ರಿಕೆಯ ಪುಟದಲ್ಲಿ ಉದ್ದಗೆರೆಗಳ ನಡುವಿನ ಅವಕಾಶಕ್ಕೆ ಹೆಸರಿಡಬೇಕಾದಾಗ ಕನ್ನಡಿಗರು ಮನೆಯ ಕಂಬಗಳ ನಡುವಿನ ಅವಕಾಶವನ್ನು ನೆನೆದರು. ಮನೆ ಮರೆಯಾಗಿ ಪತ್ರಿಕೆ ಮಾತ್ರ ಉಳಿದ ಮೇಲೆ ಈ ರೂಪಕ ಕಾಣದಾಗಿದೆ. ಅಂಕಣಕಾರರೆಂದು ಕರೆಯಿಸಿಕೊಳ್ಳುವವರು ಒಮ್ಮೆ ಇಂಥ ಪಡಸಾಲೆಯಲ್ಲಿ ಕುಳಿತರೆ ತಮ್ಮ ಹೆಸರಿನ ಮೂಲವನ್ನು ಕಣ್ಣಾರೆ ಕಾಣಬಹುದು.

ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ ಮತ್ತು ಸೊಪ್ಪಿನ ಹಾಸು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಹೊಲಕ್ಕೆ ಬೇಡವಾದ ಈ ಮಣ್ಣು ಮಾಳಿಗೆಗೆ ಬೇಕು. ಅದರ ಉಪ್ಪಿನ ಗುಣದಿಂದ ಮಳೆ ಬಿದ್ದಾಗ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಕ್ಕಿಳಿಯದೆ ಮೇಲೆಯೇ ಹರಿದು ದೋಣಿಯಿಂದ ಹೊರಬೀಳುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಹೊಸ ಸವಳು ಹಾಕಿಸದಿದ್ದರೆ ಮಾಳಿಗೆ ಸೋರುತ್ತದೆ. ಬೋದಿಗೆಯೆಂಬ ಶಬ್ದವನ್ನು ನಾವು ದೇವಾಲಯ ವಾಸ್ತುವನ್ನು ಕುರಿತ ಪುಸ್ತಕಗಳಲ್ಲಿ ಓದುತ್ತೇವೆ. ಇಲ್ಲಿ ಅದು ಅಡಿಗೆಮನೆಯ ಹೊಗೆ ಹಿಡಿದು ಕಪ್ಪಾಗಿ ತಲೆಯ ಮೇಲೆಯೇ ಇತ್ತು.

ಕಮಾನಿನ ಮಾಡು, ನೆಲದೊಳಗಿನ ಹಗೇವು

ಗೋಡೆಯ ದಪ್ಪವನ್ನು ಬಳಸಿಕೊಂಡು ಮಾಡಿದ ಗೂಡುಗಳಿಗೆ ಈ ಕಡೆ ‘ಮಾಡು’ ಎನ್ನುತ್ತಾರೆ. ಆ ಮನೆಯಲ್ಲಿ ಹದಿನಾಲ್ಕು ಮಾಡುಗಳಿದ್ದವು. ಮುಂದಿನ ಪಡಸಾಲೆಯ ಮಾಡುಗಳು ಚೌಕಾಕಾರ. ದೇವರ ಕೋಣೆಯ ಮೂರು ಮಾಡುಗಳು ಮಾತ್ರ ತುದಿ ಚೂಪಾದ ಕಮಾನಿನ ಆಕಾರದವು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ಕಂಡವರು ಆ ಕಮಾನಿನ ವಂಶವನ್ನು ಥಟ್ಟನೆ ಗುರುತಿಸುತ್ತಾರೆ. 1347ರಿಂದ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬಹಮನಿಗಳ ರಾಜಧಾನಿಯಾಗಿದ್ದ ನಗರ ಇಲ್ಲಿಂದ ದೂರವಿಲ್ಲ. ಅಲ್ಲಿ ಕಮಾನು ಕಟ್ಟಲು ಪಳಗಿದ ಕೈಗಳ ಪರಂಪರೆ ಸುತ್ತಣ ಊರುಗಳ ಗೌಂಡಿಗಳಿಗೂ ಬಂದಿತು. ಜಿನಬಿಂಬದ ಮುಂದಿನ ದೀಪ ಬಹಮನಿ ಕಮಾನಿನ ಕೆಳಗೆ ಉರಿಯುವುದರಲ್ಲಿ ಆ ಮನೆಯವರಿಗೆ ಯಾವ ವಿಶೇಷವೂ ಕಂಡಿರಲಿಲ್ಲ. ದೇವರಿಗೆ ಚೆಂದದ ಮಾಡು ಬೇಕಿತ್ತು, ಗೌಂಡಿಗೆ ಗೊತ್ತಿದ್ದ ಚೆಂದ ಅದಾಗಿತ್ತು. ಗ್ರಂಥಗಳಲ್ಲಿ ನಾವು ‘ಸಾಂಸ್ಕೃತಿಕ ಸಮನ್ವಯ’ ಎಂದು ಬರೆಯುವುದು ಮನೆಯೊಳಗೆ ಹೀಗೆ ಹೆಸರಿಲ್ಲದೆ ಇರುತ್ತದೆ.

ಅದೇ ಕೋಣೆಯಲ್ಲಿ ಕಟ್ಟು ಹಾಕಿಸಿದ ಒಂದು ಬಣ್ಣದ ಮುದ್ರಣಚಿತ್ರ ತೂಗುತ್ತಿತ್ತು, ವೀಣಾಪಾಣಿಯಾದ ಸರಸ್ವತಿ. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಬಳಿಕ ಇಂಥ ಚಿತ್ರಗಳು ಹಳ್ಳಿಹಳ್ಳಿಯ ಮನೆಗಳನ್ನು ಹೊಕ್ಕವು. ಜೈನ ಮನೆಯಲ್ಲಿ ಇದೇಕೆ ಎಂಬ ಪ್ರಶ್ನೆಗೆ ಚಿತ್ರದ ಸ್ಥಾನವೇ ಉತ್ತರ ಹೇಳುತ್ತಿತ್ತು. ಅದು ತೂಗಿದ್ದು ಶಾಸ್ತ್ರದ ಪೆಟ್ಟಿಗೆಯ ನೇರ ಮೇಲೆ. ಮನೆಯವರ ಪಾಲಿಗೆ ಅವಳು ಶ್ರುತದೇವಿ. ಚಿತ್ರವನ್ನು ಕಳಚಿ ಪಡಸಾಲೆಯಲ್ಲಿ ತೂಗುಹಾಕಿದರೆ ಈ ಅರ್ಥ ಅಳಿದು, ಕೇವಲ ಒಂದು ಹಳೆಯ ಕ್ಯಾಲೆಂಡರು ಚಿತ್ರ ಉಳಿಯುತ್ತದೆ.

ಪಡಸಾಲೆಯ ಮೂಲೆಯಲ್ಲಿ ಒಂದು ಫರಸಿ ಉಳಿದವುಗಳಿಗಿಂತ ತುಸು ಎತ್ತರಕ್ಕಿತ್ತು. ಅದರ ಕೆಳಗೆ ಹಗೇವು. ಬಾಯಿ ಸಣ್ಣದು, ಒಡಲು ವಿಶಾಲ. ಒಳಗೋಡೆಗೆ ಜೋಳದ ಕಣಿಕೆ ಹಾಗೂ ಹುಲ್ಲಿನ ಹೊದಿಕೆ ಕೊಟ್ಟು, ಜೋಳ ತುಂಬಿ, ಬಾಯಿಯನ್ನು ಕಲ್ಲು-ಮಣ್ಣುಗಳಿಂದ ಮುಚ್ಚಿದರೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ತಗ್ಗಿ ಹುಳುಗಳು ಬದುಕಲಾರವು. ಹಗೇವನ್ನು ತೆರೆದವರು ಕೂಡಲೇ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು ಬಹಳ ಹೊತ್ತು ಕಾಯುತ್ತಾರೆ, ಕಂದೀಲು ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಾರೆ. ಕಾಳನ್ನು ಕಾಯುವ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲದೆಂಬ ಅರಿವು ಇಲ್ಲಿಯ ರೈತರಿಗೆ ರಸಾಯನಶಾಸ್ತ್ರದ ಪಾಠವಿಲ್ಲದೆಯೇ ಇತ್ತು. 1876-78ರ ದಖ್ಖನಿನ ಘೋರ ಬರದಂಥ ಅನುಭವಗಳ ನಡುವೆ ಬದುಕಿದ ನಾಡಿನಲ್ಲಿ ಮನೆಯ ನೆಲದಡಿಯ ಹಗೇವು ಎರಡು-ಮೂರು ವರ್ಷಗಳ ಧೈರ್ಯವಾಗಿತ್ತು.

ತಳದಲ್ಲಿ ಬಳೆಯಿದ್ದ ಗಿಂಡಿ

ಆ ಮನೆಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ ವಸ್ತು ಅಂಗೈಯಗಲದ ಒಂದು ತಾಮ್ರದ ಗಿಂಡಿ. ಹಿತ್ತಿಲ ಬಾವಿಯ ಬಳಿಯ ಮಾಡಿನಲ್ಲಿತ್ತು. ಮೇಲೆ ಹಗ್ಗ ಕಟ್ಟಲು ಕಿವಿಗಳಿದ್ದುದು ಸಹಜ. ಆದರೆ ತಳದ ಹೊರಮೈಗೂ ಒಂದು ಬಳೆಯನ್ನು ಬೆಸೆದಿದ್ದರು. ಹಳೆಯ ಸಾಮಾನು ಕೊಳ್ಳುವವನೊಬ್ಬ ಹಿಂದಿನ ದಿನ ಬಂದು ಅದನ್ನು ಮುರಿದ ತೂಗುದೀಪವೆಂದು ತೀರ್ಮಾನಿಸಿ ತೂಕಕ್ಕೆ ಬೆಲೆ ಕಟ್ಟಿದ್ದನು. ನಾನು ತಾಯಿಯವರನ್ನು ಕೇಳಿದೆ.

‘ಅದು ಬಾವ್ಯಾಗ ಬಿಡೂ ಗಿಂಡಿರಿ. ನೀರು ಸೋಸಿದ ಅರಿವ್ಯಾಗ ಜೀವ ಇರ್ತಾವಲ್ರಿ, ಅವನ್ನ ಮ್ಯಾಲಿಂದ ಒಗದ್ರ ಸಾಯ್ತಾವ. ಕೆಳಗ ನೀರಿಗೆ ಮುಟ್ಟಿಸಿ ಬೋರಲ ಮಾಡಬೇಕು. ನಮ್ಮತ್ತಿ ಕಲಿಸಿದ್ರು.’

ಶ್ರಾವಕಾಚಾರ ಗ್ರಂಥಗಳನ್ನು ಓದಿದವರಿಗೆ ಜಲಗಾಲನವೆಂಬ ಆಚಾರ ತಿಳಿದಿದೆ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ನೀರಿನ ಶುದ್ಧಿಗೆ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ, ಮಿತಿ. ಬಟ್ಟೆಯಲ್ಲಿ ಉಳಿದುದಕ್ಕೆ ಜೀವಾಣಿ ಎಂದು ಹೆಸರು, ಅದನ್ನು ಯಾವ ಜಲಾಶಯದ ನೀರೋ ಅದಕ್ಕೇ ಮರಳಿ ಮುಟ್ಟಿಸಬೇಕು. ನಾನು ಈ ವಿಧಿಯನ್ನು ಹಲವು ಸಲ ಓದಿದ್ದೆ, ಪಾಠವನ್ನೂ ಹೇಳಿದ್ದೆ. ಆದರೆ ಆಳವಾದ ಬಾವಿಯ ನೀರಿಗೆ ಅದನ್ನು ಮುಟ್ಟಿಸುವುದು ಹೇಗೆ ಎಂದು ಯೋಚಿಸಿರಲಿಲ್ಲ. ಆ ಬಳೆ ಅದಕ್ಕೆ ಉತ್ತರ. ಹಗ್ಗವನ್ನು ಕೆಳಬಳೆಗೆ ಕಟ್ಟಿ, ಮೇಲಿನ ಕಿವಿಗೆ ಸಡಿಲವಾಗಿ ಸಿಕ್ಕಿಸಿ ಇಳಿಬಿಟ್ಟರೆ ಗಿಂಡಿ ನೆಟ್ಟಗೆ ಇಳಿಯುತ್ತದೆ. ನೀರು ಮುಟ್ಟಿದೊಡನೆ ಸಿಕ್ಕು ಬಿಚ್ಚುತ್ತದೆ, ಹಗ್ಗ ಎಳೆದಾಗ ಗಿಂಡಿ ಬೋರಲಾಗಿ ಒಳಗಿನದು ನೀರಿಗೆ ಸೇರುತ್ತದೆ. ಗ್ರಂಥದ ಒಂದು ಸಾಲಿಗೆ ಕಂಚುಗಾರನೊಬ್ಬ ಬರೆದ ವ್ಯಾಖ್ಯಾನ ಇದು. ಅದನ್ನು ಉಳಿಸಿಕೊಂಡು ಬಂದವರು ಅತ್ತೆ-ಸೊಸೆಯರು.

ಇಲ್ಲಿ ಗಮನಿಸಬೇಕಾದ ಅಂಶ ಸ್ಪಷ್ಟವಾಗಿದೆ. ಗಿಂಡಿ ಬಾವಿಯ ಮಾಡಿನಲ್ಲಿತ್ತು, ಅದನ್ನು ಬಳಸಿದವರು ಎದುರಿಗಿದ್ದರು, ಆದ್ದರಿಂದ ಅರ್ಥವಾಯಿತು. ಮರುದಿನ ಗುಜರಿಯವನ ಚೀಲದಲ್ಲಿ ಅದನ್ನು ಕಂಡಿದ್ದರೆ ನಾನೂ ಮುರಿದ ದೀಪವೆಂದೇ ಬಗೆಯುತ್ತಿದ್ದೆ.

ಪೆಟ್ಟಿಗೆಯೊಳಗಿನ ನಾಲ್ಕು ಕಾಲಗಳು

ಶಾಸ್ತ್ರದ ಪೆಟ್ಟಿಗೆಯಲ್ಲಿ ತಾಳೆಗರಿಯ ಕಟ್ಟೊಂದು, ಕೈಬರಹದ ಕಾಗದದ ಪುಸ್ತಕಗಳು ಐದಾರು, ಅಚ್ಚಾದ ಪೂಜಾಪಾಠದ ಪುಸ್ತಕಗಳು, ಮಡಿಚಿ ಕಟ್ಟಿದ ಜಮೀನಿನ ಕಾಗದಗಳು ಒಟ್ಟಿಗೆ ಇದ್ದವು. ಕಾಗದದ ಕೈಬರಹಗಳನ್ನು ಕಂಡು ಅವು ಬಹಳ ಪ್ರಾಚೀನವೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸ್ತ್ರಗಳನ್ನು ಅಚ್ಚು ಹಾಕಿಸುವುದಕ್ಕೆ ಜೈನ ಸಮಾಜದಲ್ಲಿ ಬಲವಾದ ವಿರೋಧವಿತ್ತು. ಹೀಗಾಗಿ ಮುದ್ರಣಯುಗ ಆರಂಭವಾದ ಮೇಲೂ ಕೈಯಿಂದ ಪ್ರತಿ ಮಾಡುವ ಪದ್ಧತಿ ಮುಂದುವರಿಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನದ ಆದರ್ಶ ಸಾಮಾನ್ಯ ಗೃಹಸ್ಥರ ಮನೆಯಲ್ಲಿ ಹೀಗೆ ಸಣ್ಣ ರೂಪದಲ್ಲಿ ಬಾಳಿತು. ಜ್ಯೇಷ್ಠ ಶುದ್ಧ ಪಂಚಮಿಯಂದು, ಎಂದರೆ ಶ್ರುತಪಂಚಮಿಯಂದು, ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುವ ಆಚರಣೆಯೇ ಅವುಗಳನ್ನು ಗೆದ್ದಲಿನಿಂದ ಕಾಪಾಡಿತ್ತು. ಸುತ್ತಿದ್ದ ಬಟ್ಟೆಗಳಲ್ಲಿ ಒಂದು ಹಳೆಯ ರೇಷ್ಮೆ ಸೀರೆಯ ಸೆರಗು. ಯಾರ ಮದುವೆಯ ಸೀರೆಯೆಂಬುದು ಆ ತಾಯಿಗೆ ನೆನಪಿತ್ತು.

ಸಂಶೋಧಕನಿಗೆ ಹೆಚ್ಚಿನ ಕೆಲಸ ಕೊಟ್ಟದ್ದು ದಿನಾಂಕಗಳು. ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಕಾಲಗಣನೆಗಳಿದ್ದವು. ಜಾತಕದಲ್ಲಿ ಶಾಲಿವಾಹನ ಶಕ, ಜೈನ ಪಂಚಾಂಗದಲ್ಲಿ ವೀರ ನಿರ್ವಾಣ ಸಂವತ್ಸರ, ಸೊಲ್ಲಾಪುರದ ಅಂಗಡಿಯ ರಸೀತಿಯಲ್ಲಿ ಇಸವಿ, ಜಮೀನಿನ ಕಾಗದದಲ್ಲಿ ಫಸಲಿ. ಉದಾಹರಣೆಗೆ 1930ರ ನವೆಂಬರ್ ತಿಂಗಳನ್ನು ತೆಗೆದುಕೊಂಡರೆ ಅದು ಶಕ 1852, ಪ್ರಮೋದೂತ ಸಂವತ್ಸರ. ವೀರ ನಿರ್ವಾಣ 2457. ಹೈದರಾಬಾದಿನ ಫಸಲಿ 1340. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಆದರೆ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿದ್ದುದರಿಂದ ಜನವರಿಯ ನಂತರದ ತಿಂಗಳುಗಳಿಗೆ 591 ಕೂಡಿಸಬೇಕು. ತಿಂಗಳ ಹೆಸರುಗಳೋ ಆಜರ್, ದೈ, ಬಹಮನ್, ಖುರ್ದಾದ್, ತೀರ್ ಎಂಬ ಇರಾನೀ ಹೆಸರುಗಳು. ಇಂಥ ಕಾಗದದಲ್ಲಿ ‘ಬಹಮನ್’ ಎಂದಿರುವುದನ್ನು ರಾಜವಂಶವೆಂದು ಓದಿದರೆ ಐದು ಶತಮಾನಗಳ ವ್ಯತ್ಯಾಸವಾದೀತು.

ಹಣಕ್ಕೂ ಇದೇ ಎಚ್ಚರಿಕೆ ಬೇಕು. ಲೆಕ್ಕದ ವಹಿಯಲ್ಲಿ ಕೆಲವು ಮೊತ್ತಗಳ ಮುಂದೆ ‘ಹಾಲಿ’ ಎಂದೂ ಕೆಲವುಗಳ ಮುಂದೆ ‘ಕಲ್ದಾರ’ ಎಂದೂ ಬರೆದಿದ್ದರು. ಹಾಲಿ ಸಿಕ್ಕಾ ನಿಜಾಮರ ನಾಣ್ಯ, ಕಲ್ದಾರ ಬ್ರಿಟಿಷ್ ಇಂಡಿಯಾದ ರೂಪಾಯಿ. ಸ್ಥೂಲವಾಗಿ 7 ಹಾಲಿ ರೂಪಾಯಿಗಳಿಗೆ 6 ಕಲ್ದಾರ. ಜೇವರ್ಗಿಯ ವರ್ತಕನು ನಿಜಾಮರ ಪ್ರಜೆ, ಅವನ ಪೇಟೆ ಬ್ರಿಟಿಷ್ ಆಡಳಿತದ ಸೊಲ್ಲಾಪುರ. ಆದ್ದರಿಂದ ಅವನ ವಹಿಯಲ್ಲಿ ಎರಡು ಸರಕಾರಗಳ ಹಣ. ಬರಹದಲ್ಲಿಯೂ ಅದೇ ಸ್ಥಿತಿ. ಪೂಜೆ ಕನ್ನಡದಲ್ಲಿ, ಶಾಸ್ತ್ರ ಸಂಸ್ಕೃತ-ಪ್ರಾಕೃತಗಳಲ್ಲಿ, ಪೇಟೆಯ ಪತ್ರ ಮೋಡಿ ಅಕ್ಷರದ ಮರಾಠಿಯಲ್ಲಿ, ಸರಕಾರದ ಕಾಗದ ಉರ್ದುವಿನಲ್ಲಿ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ಈ ಭಾಗ ಕನ್ನಡ ರಾಜ್ಯಕ್ಕೆ ಬಂದ ಮೇಲೆ ಶಾಲೆ ಕಲಿತ ಮೊಮ್ಮಕ್ಕಳಿಗೆ ಅಜ್ಜನ ಕಾಗದಗಳಲ್ಲಿ ಮೂರು ಪಾಲು ಓದಲಾರದ ಬರಹ. ಓದಲಾಗದ್ದು ರದ್ದಿ ಎಂಬ ತೀರ್ಮಾನ ಅಲ್ಲಿಂದ ಒಂದು ಹೆಜ್ಜೆ ದೂರ. ನಾನು ಹೋಗುವುದಕ್ಕೆ ಮೊದಲೇ ಒಂದು ಗಂಟು ಬಚ್ಚಲ ಒಲೆಗೆ ಹೋಗಿತ್ತು. ಅದನ್ನು ಹಾಕಿದವರನ್ನು ದೂರಲಾರೆ. ಓದಿ ಹೇಳಬಲ್ಲ ನಾವು ಅಲ್ಲಿಯವರೆಗೆ ಆ ಬಾಗಿಲನ್ನು ತಟ್ಟಿರಲಿಲ್ಲ.

ಪೀಠವಾಗಿದ್ದ ಶಾಸನ

ಅರಿಯದ ಬಳಕೆಯಿಂದ ಹಾನಿಯೂ ಆಗುತ್ತದೆ, ಒಮ್ಮೊಮ್ಮೆ ರಕ್ಷಣೆಯೂ ಆಗುತ್ತದೆ. ಭೀಮೆಯ ಹರಿವಿನಗುಂಟ ಜೇವರ್ಗಿಯಿಂದ ಕೆಳಕ್ಕೆ ಸಾಗಿದರೆ ಚಿತ್ತಾಪುರ ತಾಲೂಕಿನ ಸನ್ನತಿ ಸಿಗುತ್ತದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಗಳಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವಿತ್ತು. ಅದು ಅಶೋಕನ ಶಾಸನ. ಅವನ 12 ಮತ್ತು 14ನೆಯ ಶಿಲಾಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಮೂರ್ತಿಯನ್ನು ಕೂರಿಸಲು ಚಪ್ಪಡಿಯ ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಶಾಶ್ವತವಾಗಿ ನಷ್ಟವಾದವು. ಆದರೆ ಪೀಠವಾಗಿ ಗರ್ಭಗುಡಿಯೊಳಗೆ ಸೇರಿದ್ದರಿಂದಲೇ ಉಳಿದ ಅಕ್ಷರಗಳು ಬಿಸಿಲು-ಮಳೆಗಳಿಂದ ಪಾರಾದವು. ಎಲ್ಲ ಮತಗಳ ಸಾರವೃದ್ಧಿಯನ್ನು ಬಯಸುವ 12ನೆಯ ಶಾಸನ ಬೇರೊಂದು ಮತದ ದೇವತೆಗೆ ಆಸನವಾಗಿ ಉಳಿದು ಬಂದದ್ದು ಚರಿತ್ರೆಯ ಒಂದು ಸೊಗಸು.

ಸನ್ನತಿ ನಮಗೆ ಕಲಿಸುವ ಪಾಠ ಮನೆಗಳಿಗೂ ಅನ್ವಯಿಸುತ್ತದೆ. ಬಟ್ಟೆ ಒಗೆಯುವ ಕಲ್ಲು, ಹಿತ್ತಿಲ ಮೆಟ್ಟಿಲು, ದನ ಕಟ್ಟುವ ಗೋದಲಿಯ ಹಾಸು ಇವುಗಳನ್ನು ಮನೆ ಕೆಡವುವ ದಿನ ಒಮ್ಮೆ ಮಗುಚಿ ನೋಡಬೇಕು. ಮೇಲಿನ ಮುಖ ಸವೆದಿದ್ದರೂ ಕೆಳಗಿನ ಮುಖ ಏನನ್ನೋ ಕಾಪಾಡಿಕೊಂಡಿರಬಹುದು.

ನನ್ನದೇ ಒಂದು ತಪ್ಪು

ಸ್ಥಾನದ ಮಹತ್ವವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ವೈಯಕ್ತಿಕ ಕಾರಣವೊಂದಿದೆ. ಮೂರು ದಶಕಗಳ ಹಿಂದೆ, ಸಂಶೋಧನೆಯ ಉತ್ಸಾಹದ ದಿನಗಳಲ್ಲಿ, ಆಳಂದ ತಾಲೂಕಿನ ಒಂದು ಹಳ್ಳಿಯ ಬಿದ್ದ ಮನೆಯಿಂದ ಹಿತ್ತಾಳೆಯ ತೂಗುದೀಪವೊಂದನ್ನು ತಂದೆ. ಮನೆಯವರು ಸಂತೋಷದಿಂದಲೇ ಕೊಟ್ಟರು. ದೀಪದ ಅಂದಕ್ಕೆ ಮರುಳಾದ ನಾನು ಅದು ಯಾವ ಕೋಣೆಯಲ್ಲಿ ತೂಗುತ್ತಿತ್ತೆಂದು ಕೇಳಲಿಲ್ಲ. ದೇವರ ಕೋಣೆಯದೋ, ಬಾಣಂತಿಯ ಕೋಣೆಯದೋ, ಪಡಸಾಲೆಯದೋ? ಮರುವರ್ಷ ಹೋದಾಗ ಮನೆಯಿದ್ದ ಜಾಗ ಬಯಲು, ಹೇಳಬಲ್ಲ ಹಿರಿಯರು ತೀರಿಕೊಂಡಿದ್ದರು. ಆ ದೀಪ ಇಂದಿಗೂ ನನ್ನ ಕಪಾಟಿನಲ್ಲಿದೆ. ಬಂದವರು ಮೆಚ್ಚುತ್ತಾರೆ. ಅವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಕೊಟ್ಟದ್ದನ್ನೇ ತಂದೆ, ಆದ್ದರಿಂದ ಅದು ಅದತ್ತಾದಾನವಲ್ಲ. ಆದರೆ ತಿಳಿವಳಿಕೆಯಿಲ್ಲದೆ ಕೂಡಿಟ್ಟ ವಸ್ತು ಪರಿಗ್ರಹವಲ್ಲದೆ ಮತ್ತೇನು?

ಆದ್ದರಿಂದ ಜೇವರ್ಗಿಯ ಮನೆಯಲ್ಲಿ ನಾನು ಮೊದಲು ಮಾಡಿದ ಕೆಲಸ ನಕ್ಷೆ ಬರೆದದ್ದು. ಅಂಕಣಗಳನ್ನು ಎಣಿಸಿ, ಮಾಡುಗಳಿಗೆ ಸಂಖ್ಯೆ ಕೊಟ್ಟು, ಯಾವ ಮಾಡಿನಲ್ಲಿ ಯಾವ ವಸ್ತು ಇತ್ತೆಂದು ಗುರುತು ಹಾಕಿಕೊಂಡೆ. ಪ್ರತಿ ವಸ್ತುವಿನ ಹೆಸರನ್ನು ಮನೆಯ ಹೆಣ್ಣುಮಕ್ಕಳ ಬಾಯಿಂದಲೇ, ಅವರ ಉಚ್ಚಾರಣೆಯಲ್ಲಿಯೇ ಬರೆದುಕೊಂಡೆ. ಛಾಯಾಚಿತ್ರ ಆಮೇಲೆ. ಕಿರಿಯ ಸಂಶೋಧಕರು ಇದೇ ಕ್ರಮವನ್ನು ಅನುಸರಿಸಲೆಂದು ನನ್ನ ಅಪೇಕ್ಷೆ. ತಾಳೆಗರಿಯ ಕಟ್ಟನ್ನು ಅವಸರದಿಂದ ಬಿಚ್ಚಬಾರದು, ಒಣಗಿದ ಗರಿಗಳು ಮುರಿಯುತ್ತವೆ. ಸುತ್ತಿದ ಬಟ್ಟೆಯನ್ನೂ ಗರಿಗಳಷ್ಟೇ ಜೋಪಾನವಾಗಿಡಬೇಕು. ಮನೆಯವರು ಇಟ್ಟುಕೊಳ್ಳಬಯಸಿದರೆ ಪ್ರತಿಚಿತ್ರ ತೆಗೆದುಕೊಂಡು ಮೂಲವನ್ನು ಅಲ್ಲಿಯೇ ಬಿಡಬೇಕು. ಕೊಡಬಯಸಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ, ಹಸ್ತಪ್ರತಿಗಳನ್ನು ಕಾಪಾಡುವ ಸಂಸ್ಥೆಯ ದಾರಿ ತೋರಿಸಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಹಳೆಯದಾದ ಕಲಾವಸ್ತುವೂ, ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವುಳ್ಳ 75 ವರ್ಷ ಹಳೆಯ ಹಸ್ತಪ್ರತಿಯೂ ಪುರಾವಸ್ತುಗಳೇ. ಈ ಸಂಗತಿ ತಿಳಿಯದೆ ತೂಕಕ್ಕೆ ಮಾರುವವರಿಗೆ ಅದನ್ನು ತಿಳಿಸುವುದೂ ನಮ್ಮ ಹೊಣೆ.

ಆ ಮನೆ ಈಗ ಇಲ್ಲ. ತಾಳೆಗರಿಯ ಕಟ್ಟನ್ನೂ ಕೈಬರಹಗಳನ್ನೂ ಮನೆಯವರೇ ಊರಿನ ಬಸದಿಗೆ ಒಪ್ಪಿಸಿದರು. ನನ್ನ ಬಳಿ ಇರುವುದು ನಕ್ಷೆ, ಛಾಯಾಚಿತ್ರಗಳು, ಎಂಬತ್ತಕ್ಕೂ ಮಿಕ್ಕಿದ ಹೆಸರುಗಳ ಒಂದು ಪಟ್ಟಿ. ಹೊರಡುವಾಗ ಆ ತಾಯಿ ಗಿಂಡಿಯನ್ನು ನನ್ನ ಕೈಗೆ ಕೊಡಬಂದರು. ನಾನು ಬೇಡವೆಂದೆ. ಹೊಸ ಮನೆಯಲ್ಲಿ ಬಾವಿಯಿಲ್ಲ, ನಳದ ನೀರು, ಇದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಅವರು ಕೇಳಿದರು. ಅವರ ಮೊಮ್ಮಗಳು, ಕಾಲೇಜಿನಲ್ಲಿ ಓದುತ್ತಿದ್ದವಳು, ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ತೋರಿಸಿಕೊಡಿರಿ ಎಂದೆ. ಅಂದು ಸಂಜೆ, ಇನ್ನೂ ಮುಚ್ಚಿರದ ಆ ಬಾವಿಯಲ್ಲಿ, ಅಜ್ಜಿ ಗಿಂಡಿಯನ್ನು ಇಳಿಬಿಟ್ಟರು. ಸಿಕ್ಕು ಬಿಚ್ಚಿ ಅದು ಬೋರಲಾದ ಸದ್ದು ಮೇಲಕ್ಕೆ ಕೇಳಿಸಿತು. ಎರಡನೆಯ ಸಲ ಹಗ್ಗ ಹಿಡಿದವಳು ಮೊಮ್ಮಗಳು.